ಸವರಿದ ಎಸಳುಗಳು

ವೆನ್‌ಯಾಳ ಕೈ ಸುಮ್ಮನಿರುವ ಜಾತಿಯದಲ್ಲ. ಬಟ್ಟೆ ಅಂಗಡಿಗೆ ಹೋದರೆ ನೇತುಹಾಕಿದ ಅಂಗಿಗಳನ್ನೆಲ್ಲ ಒಂದು ತುದಿಯಿಂದ ಮುಟ್ಟಿಕೊಂಡು ಹೋಗುತ್ತಿತ್ತು. ಹಣ್ಣಿನಂಗಡಿಯಲ್ಲಿ ಸೀಬೆಹಣ್ಣುಗಳನ್ನು ಒತ್ತಿ ಒತ್ತಿ ಅಂಗಡಿಯಮ್ಮನ ಕೈಲಿ ಬೈಸಿಕೊಳ್ಳುತ್ತಿತ್ತು. ಇದು ಅಪ್ಪನಿಂದ ಬಂದದ್ದು. ಹುಟ್ಟೂರು ಹೌಬಿಯಲ್ಲಿ ಅಪ್ಪನದು ಆರ್ಕಿಡ್ ಹೂಗಳ ಹಸಿರುಮನೆ. ತಳಿಗೆ ಅಂತ ಗಿಡ ಆರಿಸುವಾಗ ಅವರು ಎಸಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ, ಒಂದೇ ಒಂದು ಸಲ ಸವರುತ್ತಿದ್ದರು. ಆಮೇಲೆ ತೀರ್ಪು. ಒಂದೋ "ಇದಕ್ಕೆ ಮೈ ಇದೆ", ಇಲ್ಲವೇ "ಇದು ಬರೀ ಕಾಗದ". ವೆನ್‌ಯಾ ಓದು ಬರಹಕ್ಕಿಂತ ಮೊದಲು ಕಲಿತ ವಿದ್ಯೆ ಅದು.

ಹಾಗಾಗಿ ತೈನಾನ್‌ನ ವಿಶ್ವವಿದ್ಯಾಲಯದಲ್ಲಿ ಆರ್ಕಿಡ್ ಲ್ಯಾಬಿಗೆ ಸೇರಿದಾಗ ಅವಳಿಗೆ ತವರಿಗೆ ಬಂದಷ್ಟೇ ಖುಷಿಯಾಗಿತ್ತು. ಅವಳನ್ನು ಹಿರಿಯ ವಿದ್ಯಾರ್ಥಿನಿ ಯೂಹ್ವೇ ಅಕ್ಕನ ಕೈಕೆಳಗೆ ಹಾಕಿದರು. ಯೂಹ್ವೇ ಅಕ್ಕ ಡಾಕ್ಟರೇಟಿನ ಏಳನೇ ವರ್ಷದಲ್ಲಿದ್ದಳು. ಲ್ಯಾಬಿನ ಫ್ರಿಜ್ಜಿಗಿಂತ ಹಳಬಳು ಅಂತ ಅವಳೇ ಹೇಳಿಕೊಳ್ಳುತ್ತಿದ್ದಳು.

ಅಕ್ಕ ಏಳು ವರ್ಷದಿಂದ ಕೇಳುತ್ತಿದ್ದ ಪ್ರಶ್ನೆ ಒಂದೇ. ಕಡುನೇರಳೆ ಚಿಟ್ಟೆ ಆರ್ಕಿಡ್‌ನ ಎಸಳು ಮಖಮಲ್ಲಿನ ಹಾಗಿರುತ್ತದಲ್ಲ, ಅದಕ್ಕೆ ಕಾರಣ ಅದರ ಮೇಲ್ಮೈಯ ಜೀವಕೋಶಗಳು. ಒಂದೊಂದೂ ಪುಟ್ಟ ಗೋಪುರದಂತೆ ಎದ್ದು ನಿಂತಿರುತ್ತದೆ. ಅವುಗಳ ಸಂದಿಗೆ ಬಿದ್ದ ಬೆಳಕು ಸುಲಭಕ್ಕೆ ಹೊರಗೆ ಬರುವುದಿಲ್ಲ, ಬಣ್ಣಕ್ಕೆ ಅಷ್ಟು ಆಳ ಬರುವುದು ಅದಕ್ಕೇ. ಆ ಗೋಪುರಗಳನ್ನು ಎಬ್ಬಿಸಿ ನಿಲ್ಲಿಸುವ ಜೀನ್ ಯಾವುದು? ಅಕ್ಕನಿಗೆ ಒಂದರ ಮೇಲೆ ಅನುಮಾನವಿತ್ತು. ಸಾಧು ಮಾಡಿದ ವೈರಸ್ ಒಂದನ್ನು ಹೂದಂಟಿಗೆ ಚುಚ್ಚಿ ಆ ಜೀನಿನ ಬಾಯಿ ಮುಚ್ಚಿಸುವುದು, ಅರಳಿದ ಹೂವಿನಲ್ಲಿ ಗೋಪುರಗಳು ಕುಗ್ಗಿದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಬಾಯಿ ಮುಚ್ಚಿಸಿದ ಗಿಡಗಳಿಗೆ ಕೆಂಪು ಪಟ್ಟಿ. ಹೋಲಿಸಿ ನೋಡಲು ಬರೀ ಖಾಲಿ ವೈರಸ್ ಚುಚ್ಚಿದ ಗಿಡಗಳಿಗೆ ಬಿಳಿ ಪಟ್ಟಿ.

ಚಳಿ ಮುಗಿಯುವ ಹೊತ್ತಿಗೆ ಹೂಗಳು ಅರಳಿದವು. ಮಹಡಿಯ ಮೇಲಿನ ಹಸಿರುಮನೆಯಲ್ಲಿ ಹೂ ಕತ್ತರಿಸುವ ಕೆಲಸ ವೆನ್‌ಯಾಳದು. ಕೈಗವಸು ಜೇಬಿನಲ್ಲಿತ್ತು. ಕೆಂಪು ಪಟ್ಟಿಯ ಮೊದಲ ಹೂವಿನ ಮುಂದೆ ನಿಂತಳು. ನಿಜವಾಗಲೂ ಬದಲಾಗಿದೆಯಾ? ಕೈ ತಾನಾಗೇ ಹೋಯಿತು. ಒಂದೇ ಒಂದು ಸಲ ಸವರಿದಳು. ಆಮೇಲೆ ಪಕ್ಕದ್ದನ್ನು. ಆಮೇಲೆ ಅದರ ಪಕ್ಕದ್ದನ್ನು. ಬಿಳಿ ಪಟ್ಟಿಯವು ಹೇಗಿರುತ್ತವೆ ಅಂತ ಗೊತ್ತಿದ್ದದ್ದೇ ಅಲ್ಲವೇ, ಅವುಗಳ ಗೊಡವೆಗೆ ಹೋಗಲಿಲ್ಲ.

"ಅಕ್ಕ, ಇಲ್ಲಿ ಬನ್ನಿ. ಇವು ನುಣ್ಣಗಾಗಿವೆ."

ಯೂಹ್ವೇ ಅಕ್ಕ ಆಚೆ ಸಾಲಿನಲ್ಲಿ ನೀರು ಬಿಡುತ್ತಿದ್ದಳು. "ಏನು ನುಣ್ಣಗೆ?"

"ಕೆಂಪು ಪಟ್ಟಿ ಹೂಗಳು. ಬೆಕ್ಕಿನ ಕಿವಿ ಥರ ಇರ್ಬೇಕಿತ್ತು. ಈಗ ರೇಷ್ಮೆ ರಿಬ್ಬನ್ ಥರ ಇದೆ."

"ಹಾಗಾದ್ರೆ ಮೈಕ್ರೋಸ್ಕೋಪ್ ಯಾಕೆ, ನಿನ್ನ ಬೆರಳನ್ನೇ ಪರೀಕ್ಷಕರ ಮುಂದೆ ಇಡ್ತೀನಿ ಬಿಡು." ಅಕ್ಕ ನೀರಿನ ಪೈಪು ಕೆಳಗೆ ಹಾಕಿ, ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳ ಮುಖ ಮಗುವಿನ ಮುಖದ ಹಾಗಾಗಿತ್ತು. ವೆನ್‌ಯಾ ತಟ್ಟೆ, ಚಿಮಟ ತರಲು ಮೆಟ್ಟಿಲಿಳಿದು ಓಡಿದಳು.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಪರದೆಯಲ್ಲಿ ಬಿಳಿ ಪಟ್ಟಿಯ ಎಸಳು ಮೊನಚು ಗೋಪುರಗಳ ಪಟ್ಟಣದಂತೆ ಕಂಡಿತು. ಕೆಂಪು ಪಟ್ಟಿಯದರಲ್ಲಿ ಗೋಪುರಗಳೆಲ್ಲ ಮೋಟು. ತಲೆ ಒಳಕ್ಕೆ ಇಳಿದು, ಅರ್ಧಕ್ಕೇ ಬೆಳವಣಿಗೆ ನಿಂತುಹೋದ ಹಾಗಿದ್ದವು. ಯೂಹ್ವೇ ಅಕ್ಕ ಪರದೆಯ ಮುಂದೆ ಕೂತು ಸದ್ದಿಲ್ಲದೆ ಅತ್ತಳು. ಲ್ಯಾಬ್ ನಡೆಸುವ ಚುವಾಂಗ್ ಮೇಷ್ಟ್ರು ಎಲ್ಲರಿಗೂ ಕೋಳಿ ತೊಡೆಯ ಊಟದ ಡಬ್ಬಿ ತರಿಸಿದರು. ವೆನ್‌ಯಾ ಎರಡು ಡಬ್ಬಿ ತಿಂದಳು.

ತೊಂದರೆ ಶುರುವಾದದ್ದು ಒಂದು ಸೋಮಾರಿ ಮೊಗ್ಗಿನಿಂದ.

ಹೂಗಳೆಲ್ಲ ಕತ್ತರಿಸಿಯಾದ ಮೇಲೆ ಒಂದು ಕೆಂಪು ಪಟ್ಟಿ ಗಿಡದ ದಂಟಿನ ತುದಿಯಲ್ಲಿ ಒಂದೇ ಒಂದು ಮೊಗ್ಗು ಉಳಿದಿತ್ತು. ಅದು ಮಳೆಗಾಲದ ಹೊಸ್ತಿಲಲ್ಲಿ ನಿಧಾನವಾಗಿ ಅರಳಿತು. ಡಾಕ್ಟರೇಟ್ ಪ್ರಬಂಧದ ಮುಖಪುಟಕ್ಕೆ ಚೆಂದದ ಚಿತ್ರ ಬೇಕೆಂದು ಯೂಹ್ವೇ ಅಕ್ಕನೇ ಅದನ್ನು ಚಿಮಟದಲ್ಲಿ ಕಿತ್ತು ಮೈಕ್ರೋಸ್ಕೋಪಿಗೆ ಇಟ್ಟಳು. ಪರದೆಯಲ್ಲಿ ಗೋಪುರಗಳು ಮೂಡಿದವು. ಒಂದೂ ಕುಗ್ಗಿರಲಿಲ್ಲ, ಎಲ್ಲ ಮೊನಚಾಗಿ ಎದ್ದು ನಿಂತಿದ್ದವು.

"ಇದೇನಿದು," ಅಂದಳು ಅಕ್ಕ.

ಬೋರುಯ್ ಬಂದು ಬಗ್ಗಿ ನೋಡಿದ. ಅವನು ವೆನ್‌ಯಾಳ ಜೊತೆಯ ವಿದ್ಯಾರ್ಥಿ, ಯಾವ ಕಷ್ಟಕ್ಕೂ ಅವನ ಹತ್ತಿರ ಒಂದು ತಮಾಷೆ ಇರುತ್ತಿತ್ತು. ಪರದೆ ಬಿಟ್ಟು ಯಂತ್ರದ ನೆತ್ತಿಯ ಮೇಲೆ ಕೂರಿಸಿದ್ದ ಹಸಿರು ತಿಂಡಿ ಪೊಟ್ಟಣ ಎತ್ತಿಕೊಂಡ. ಊರಿನ ಎಲ್ಲ ಲ್ಯಾಬಿನಲ್ಲೂ, ಎಲ್ಲ ಕಾರ್ಖಾನೆಯಲ್ಲೂ ಯಂತ್ರದ ಮೇಲೆ ಅಂಥದೊಂದು ಪೊಟ್ಟಣ ಇರುತ್ತದೆ. ಅದು ಹಸಿರಾಗಿರಬೇಕು, ಅದನ್ನು ಯಾರೂ ತಿನ್ನಬಾರದು, ಅದರ ಅವಧಿ ಮುಗಿದಿರಬಾರದು. ಆಗ ಯಂತ್ರ ಹೇಳಿದ ಮಾತು ಕೇಳುತ್ತದೆ.

"ಇಲ್ಲಿ ನೋಡಿ. ಹೋದ ತಿಂಗಳೇ ಅವಧಿ ಮುಗಿದಿದೆ. ಮಷಿನ್‌ಗೆ ಸಿಟ್ಟು ಬರ್ದೆ ಇರುತ್ತಾ?"

"ಲೋ, ಅದನ್ನ ನೋಡ್ಕೊಳ್ಳೋದು ನಿನ್ನ ಕೆಲಸ ಅಲ್ವೇನೋ?"

"ನಾನು ಅದನ್ನ ತಿಂದಿಲ್ವಲ್ಲ ಅಕ್ಕ, ಅದೇ ದೊಡ್ಡ ವಿಷಯ."

ಎಲ್ಲರೂ ನಕ್ಕರು. ಚುವಾಂಗ್ ಮೇಷ್ಟ್ರು ಲಿಚಿ ಹಣ್ಣು ಸುಲಿಯುತ್ತಾ ಬಂದು ನೋಡಿ, "ಕೊನೆ ಮೊಗ್ಗು. ವೈರಸ್ ಅಲ್ಲಿತನಕ ಹತ್ತಿರೋದಿಲ್ಲ. ಇದನ್ನ ಬಿಟ್ಬಿಡು. ಪೊಟ್ಟಣ ಬದಲಾಯಿಸಿ," ಅಂದರು. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಬೋರುಯ್ ಹೊಸ ಪೊಟ್ಟಣ ತಂದಿಟ್ಟು ಕೈ ಮುಗಿದ.

ವೆನ್‌ಯಾ ಎಲ್ಲರ ಜೊತೆ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಕೆಂಪು ಪಟ್ಟಿಯ ಹೂಗಳಲ್ಲಿ ತಾನು ಮುಟ್ಟದೇ ಇದ್ದದ್ದು ಇದೊಂದೇ.

ಛೆ, ಹಾಗೆಲ್ಲ ಆಗುತ್ತದೆಯೇ, ಬೆರಳೇನು ಸುತ್ತಿಗೆಯೇ ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಅನ್ನ ತಿನ್ನುವಾಗ ಹೇಳಿಕೊಂಡಳು, ಸ್ಕೂಟರ್ ಓಡಿಸುವಾಗ ಹೇಳಿಕೊಂಡಳು. ಹೇಳಿಕೊಂಡಷ್ಟೂ ಅದು ಜೋರಾಯಿತು. ಕಡೆಗೆ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಯಾವ ಪಟ್ಟಿಯೂ ಇಲ್ಲದ, ಯಾರೂ ಏನೂ ಚುಚ್ಚದ ಗಿಡದಲ್ಲಿ ಇನ್ನೂ ಬಾಡದೆ ಉಳಿದಿದ್ದ ಒಂದು ನೇರಳೆ ಹೂವಿನ ಎಸಳು ತಂದಳು. ಅದರ ಎಡಭಾಗವನ್ನು ಹಾಗೇ ಬಿಟ್ಟಳು. ಬಲಭಾಗವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಅಪ್ಪ ಸವರುವ ಹಾಗೆ ಒಮ್ಮೆ ಸವರಿದಳು.

ಪರದೆಯಲ್ಲಿ ಎಡಕ್ಕೆ ಗೋಪುರಗಳ ಪಟ್ಟಣ, ಬಲಕ್ಕೆ ಮೋಟುಗಳು. ತಲೆ ಒಳಕ್ಕಿಳಿದ, ಅರ್ಧಕ್ಕೇ ನಿಂತುಹೋದಂಥ ಮೋಟುಗಳು. ನಡುವೆ ಗೆರೆ ಎಳೆದ ಹಾಗಿತ್ತು.

ಚಿತ್ರವನ್ನು ಅಳಿಸಲು ಬೆರಳು ಗುಂಡಿಯ ಮೇಲಿಟ್ಟಳು. ಒತ್ತಲು ಆಗಲಿಲ್ಲ. ಉಳಿಸಿಕೊಂಡು ಫೋನಿಗೆ ಹಾಕಿಕೊಂಡಳು. ಆಮೇಲೆ ಆ ಫೋನು ಜೇಬಿನಲ್ಲಿ ಕೆಂಡದ ಹಾಗಿತ್ತು.

ಇನ್ನು ಹತ್ತಿರದಲ್ಲೇ ಯೂಹ್ವೇ ಅಕ್ಕನ ಅಂತಿಮ ಪರೀಕ್ಷೆ. ಪ್ರಬಂಧವನ್ನು ಪರೀಕ್ಷಕರ ಮುಂದೆ ಮಂಡಿಸಿ, ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಗೆದ್ದು ಬಂದರೆ ಪಿಂಗ್ಡಾಂಗ್‌ನ ಹೂ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಅಲ್ಲಿಯವರು ಅವಳಿಗಾಗಿ ಒಂದು ಜಾಗ ಹಿಡಿದಿಟ್ಟಿದ್ದರು. ಅಷ್ಟು ವರ್ಷ ಊಟದ ಡಬ್ಬಿ, ಬಾಡಿಗೆ ಕೋಣೆ, ಹಬ್ಬಕ್ಕೆ ಮನೆಗೆ ಹೋದಾಗೆಲ್ಲ ಅತ್ತೆಯಂದಿರ "ಇನ್ನೂ ಓದ್ತಿದೀಯಾ?" ಅನ್ನುವ ಕೊಂಕು. ಎಲ್ಲ ಮುಗಿಯುವುದರಲ್ಲಿತ್ತು. ಈಗ ಹೇಳಿದರೆ? ಹೊಸದಾಗಿ ಮಾಡಲು ಹೂ ಬೇಕು. ಹೂ ಬಿಡುವುದು ಮತ್ತೆ ಮುಂದಿನ ಚಳಿ ಕಳೆದ ಮೇಲೆ. ಅಲ್ಲಿಯವರೆಗೆ ಜಾಗವನ್ನು ಯಾರು ಹಿಡಿದಿಟ್ಟಾರು?

ಹೇಳದಿದ್ದರೆ? ಯಾರಿಗೂ ಗೊತ್ತಾಗುವುದಿಲ್ಲ. ಯೋಚಿಸಿದಷ್ಟೂ ಅವಳಿಗೆ ಹೆದರಿಕೆಯಾದದ್ದು ಅದರಿಂದಲೇ.

ಒಂದು ಸಂಜೆ ಅಕ್ಕ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪರೀಕ್ಷೆಗೆ ಬೂಟು ಕೊಳ್ಳಲು ಹೋದಳು. ಏಳು ವರ್ಷ ಚಪ್ಪಲಿಯಲ್ಲೇ ಕಳೆದವಳು ಹಿಮ್ಮಡಿ ಎತ್ತರದ ಬೂಟು ಹಾಕಿಕೊಂಡು ಅಂಗಡಿಯಲ್ಲಿ ಕೊಕ್ಕರೆಯ ಹಾಗೆ ನಡೆದಳು.

"ಹೇಗಿದೆ ಮರಿ?"

"ಚೆನ್ನಾಗಿದೆ ಅಕ್ಕ."

"ಮುಖ ಯಾಕೆ ಹುಳಿ ಮಾವಿನಕಾಯಿ ತಿಂದವಳ ಥರ ಮಾಡ್ಕೊಂಡಿದೀಯಾ? ನಾನು ಹೋಗ್ಬಿಡ್ತೀನಿ ಅಂತ ಬೇಜಾರಾ?"

"ಅದಲ್ಲ ಅಕ್ಕ. ಒಂದು ಮಾತು..."

"ಇರು, ಮೊದಲು ಇದನ್ನ ನೋಡು." ಅಕ್ಕ ಒಂದು ಕಾಲಲ್ಲಿ ಹೊಸ ಬೂಟು, ಇನ್ನೊಂದರಲ್ಲಿ ಹಳೇ ಚಪ್ಪಲಿ ಹಾಕಿಕೊಂಡೇ ಫೋನು ತೆಗೆದು ಪ್ರಬಂಧದ ವಂದನೆಯ ಪುಟ ತೋರಿಸಿದಳು. ಅಮ್ಮ, ಮೇಷ್ಟ್ರು, ಬೋರುಯ್ ಆದ ಮೇಲೆ ಕೊನೆಗೆ ಒಂದು ಸಾಲು. "ಯಂತ್ರಕ್ಕಿಂತ ಮೊದಲು ಎಸಳನ್ನು ಓದಿದ ವೆನ್‌ಯಾಳ ಕೈಗೆ."

ವೆನ್‌ಯಾ ಆ ಸಾಲನ್ನು ಓದಿ ಫೋನು ವಾಪಸು ಕೊಟ್ಟಳು. ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡಳು.

"ಏನೋ ಹೇಳ್ತೀನಿ ಅಂದ್ಯಲ್ಲ?"

"ಬೂಟು ಒಂದು ಸೈಜ್ ದೊಡ್ಡದಾಗಿದೆ ಅನ್ಸುತ್ತೆ."

ಮನೆಗೆ ಫೋನ್ ಮಾಡಿದರೆ ಅಪ್ಪನ ದನಿ ಹಸಿರುಮನೆಯ ಫ್ಯಾನುಗಳ ನಡುವಿಂದ ಬಂತು. "ನಿಮ್ಮಕ್ಕನ ಪರೀಕ್ಷೆಗೆ ಒಂದು ಒಳ್ಳೇ ಹೂಗಿಡ ಕಳಿಸ್ತೀನಮ್ಮ. ಬಿಳೀದಾ, ನೇರಳೆದಾ?" ವೆನ್‌ಯಾ ಯಾವುದಾದರೂ ಸರಿ ಅಂದಳು. ಅಪ್ಪನಿಗೆ ಹೇಳಿದರೆ ಅವರು ತಮ್ಮ ಕೈಯನ್ನೇ ನೋಡಿಕೊಂಡು ಕೂತುಬಿಡುತ್ತಾರೆ. ಅದೂ ಬೇಡ.

ಪರೀಕ್ಷೆಗೆ ಮೊದಲು ತಾಲೀಮು. ಅವರ ಲ್ಯಾಬಿನ ಪದ್ಧತಿಯಲ್ಲಿ ಹಿರಿಯ ಅಕ್ಕನೋ ಅಣ್ಣನೋ ಮಂಡಿಸುವಾಗ ಕಿರಿಯರು ಪರೀಕ್ಷಕರ ವೇಷ ಹಾಕಬೇಕು. ಮರ್ಯಾದೆ ಗಿರ್ಯಾದೆ ಬಿಟ್ಟು, ಎಷ್ಟು ಸಾಧ್ಯವೋ ಅಷ್ಟು ಕೆಟ್ಟದಾಗಿ ಕೇಳಬೇಕು. ತಾಲೀಮಿನಲ್ಲಿ ಅತ್ತರೆ ಪರೀಕ್ಷೆಯಲ್ಲಿ ಅಳುವುದಿಲ್ಲ ಅಂತ ನಂಬಿಕೆ. ಬೋರುಯ್ ಹಲ್ಲುನೋವು ಅಂತ ಬರಲಿಲ್ಲ. ಖಾಲಿ ತರಗತಿಯಲ್ಲಿ ವೆನ್‌ಯಾ ಒಬ್ಬಳೇ ಪರೀಕ್ಷಕಿ.

ಯೂಹ್ವೇ ಅಕ್ಕ ಹೊಸ ಬೂಟಿನಲ್ಲಿ ನಿಂತು ಚೆನ್ನಾಗಿಯೇ ಮಾತಾಡಿದಳು. ಕೊನೆಯ ಚಿತ್ರ ಗೋಡೆಯ ಮೇಲೆ ನಿಂತಿತು. ಎಡಕ್ಕೆ ಗೋಪುರಗಳು, ಬಲಕ್ಕೆ ಮೋಟುಗಳು.

"ಹೂಂ, ಕೇಳಿ ಸರ್," ಅಂದಳು ಅಕ್ಕ, ಬಾಗಿ ನಮಸ್ಕರಿಸಿ. "ಕನಿಕರ ಬೇಡ."

ವೆನ್‌ಯಾ ಗಂಟಲು ಸರಿಮಾಡಿಕೊಂಡಳು. "ಈ ಎಸಳುಗಳನ್ನ ಕತ್ತರಿಸಿದ್ದು ಯಾರಮ್ಮ?"

"ನಮ್ಮ ಲ್ಯಾಬಿನ ವಿದ್ಯಾರ್ಥಿನಿ ಸರ್. ಬಹಳ ನುರಿತವಳು. ಆರ್ಕಿಡ್ ಬೆಳೆಯೋರ ಮನೆ ಹುಡುಗಿ."

"ಕೈಗವಸು ಹಾಕ್ಕೊಂಡಿದ್ದಳಾ?"

"ಹಾಕ್ಕೊಂಡಿದ್ದಳು ಸರ್."

"ನೀವು ನೋಡಿದ್ರಾ?"

ಅಕ್ಕ ನಕ್ಕಳು. "ಭಾರೀ ಘಾಟಿ ಪರೀಕ್ಷಕರಪ್ಪ. ನೋಡಿಲ್ಲ ಸರ್, ಆದ್ರೆ ಪದ್ಧತಿ ಅದೇ."

"ಅವಳು ಹಾಕ್ಕೊಂಡಿರ್ಲಿಲ್ಲ ಅಂತ ಇಟ್ಕೊಳ್ಳಿ. ಕೆಂಪು ಪಟ್ಟಿ ಹೂಗಳನ್ನ ಒಂದೊಂದಾಗಿ ಸವರಿ ನೋಡಿದಳು ಅಂತ ಇಟ್ಕೊಳ್ಳಿ. ಬಿಳಿಯವನ್ನ ಮುಟ್ಲಿಲ್ಲ ಅಂತ ಇಟ್ಕೊಳ್ಳಿ. ಆಗ ಬಲಗಡೆ ಇರೋ ಮೋಟುಗಳನ್ನ ಮಾಡಿದ್ದು ಜೀನೋ, ಹೆಬ್ಬೆರಳೋ?"

ಅಕ್ಕನ ಮುಖದ ಮೇಲೆ ನಗು ಇನ್ನೂ ಇತ್ತು, ಆದರೆ ಅದನ್ನು ಅಲ್ಲಿ ಮರೆತುಹೋದ ಹಾಗಿತ್ತು. "ವೆನ್‌ಯಾ. ಇದು ತಾಲೀಮಿನ ಪ್ರಶ್ನೆನಾ?"

ವೆನ್‌ಯಾ ಎದ್ದು ಬಂದು ಫೋನಿನ ಚಿತ್ರ ತೋರಿಸಿದಳು. "ಇದು ಏನೂ ಚುಚ್ಚದ ಗಿಡ. ಅರ್ಧ ಸವರಿದೀನಿ." ಬಲಭಾಗದ ಮೇಲೆ ಬೆರಳಿಟ್ಟಳು. "ಅಂಗಡೀಲೇ ಹೇಳ್ಬೇಕಿತ್ತು. ಅದಕ್ಕೂ ಮುಂಚೆ, ಆ ಕೊನೇ ಹೂವಿನ ದಿನಾನೇ ಹೇಳ್ಬೇಕಿತ್ತು. ಎಲ್ಲರೂ ಪೊಟ್ಟಣ ಪೊಟ್ಟಣ ಅಂತ ನಗ್ತಿದ್ರು, ನಾನೂ ನಕ್ಕೆ."

ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ದೂರ ಹಿಡಿದು ನೋಡಿದಳು. ಗೋಡೆಯ ಮೇಲಿನ ಚಿತ್ರ ನೋಡಿದಳು. ವೆನ್‌ಯಾ ಬೈಗುಳಕ್ಕೆ ಕಾದಳು. ಬೈದರೆ ಸಾಕು, ಹೊಡೆದರೂ ಸಾಕು ಅನ್ನಿಸಿತು.

ಅಕ್ಕ ಬಗ್ಗಿ ಬೂಟುಗಳನ್ನು ಬಿಚ್ಚಿ, ಬರಿಗಾಲಲ್ಲಿ ಮೊದಲ ಸಾಲಿನ ಬೆಂಚಿನ ಮೇಲೆ ಕೂತಳು.

"ನೀನು ತಟ್ಟೆ ತರೋಕೆ ಕೆಳಗೆ ಹೋದ್ಯಲ್ಲ," ಅಂದಳು. "ಆಗ ನಾನೂ ಸವರಿದೆ."

"ಅಕ್ಕ?"

"ನೀನು ರೇಷ್ಮೆ ರಿಬ್ಬನ್ ಅಂದ್ಯಲ್ಲ. ನನ್ನ ಕೈಗೆ ಏನೂ ಗೊತ್ತಾಗ್ಲಿಲ್ಲ. ಆದ್ರೂ ಹೌದು ಅನ್ಕೊಂಡೆ. ಹೌದು ಅನ್ನಿಸೋ ತನಕ ಸವರಿದೆ. ಏಳು ವರ್ಷ ಆಗಿತ್ತಲ್ಲ, ಹೌದು ಆಗ್ಲೇಬೇಕಿತ್ತು." ಅವಳು ತನ್ನ ಕಾಲ್ಬೆರಳುಗಳನ್ನು ನೋಡುತ್ತಾ ಮಾತಾಡುತ್ತಿದ್ದಳು. "ಕೊನೇ ಹೂವಲ್ಲಿ ಗೋಪುರ ನೆಟ್ಟಗೆ ನಿಂತಿದ್ದು ನೋಡಿದಾಗ ನಂಗೊಂಥರಾ ಆಯ್ತು. ಮೇಷ್ಟ್ರು ಬಿಟ್ಬಿಡು ಅಂದ್ರು. ಬಿಟ್ಟೆ. ಎಷ್ಟು ಬೇಗ ಬಿಟ್ಟೆ ಗೊತ್ತಾ?"

"ಮೊದಲು ಸವರಿದ್ದು ನಾನು ಅಕ್ಕ. ನೀವಲ್ಲ."

"ಯಾರು ಮೊದಲು ಅನ್ನೋದನ್ನ ಎಸಳು ಹೇಳುತ್ತಾ?"

ಅಕ್ಕ ಎದ್ದಳು. ವೆನ್‌ಯಾಳ ಫೋನನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ಮೇಷ್ಟ್ರ ಕೋಣೆಯ ಕಡೆ ನಡೆದಳು. ವೆನ್‌ಯಾ ಬೂಟುಗಳನ್ನು ಎತ್ತಿಕೊಂಡು ಹಿಂದೆ ಓಡಿದಳು.

ಚುವಾಂಗ್ ಮೇಷ್ಟ್ರು ಚಿತ್ರ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ವೆನ್‌ಯಾ ಎಲ್ಲವನ್ನೂ ಹೇಳಿದಳು. ಹೇಳುವಾಗ ಮೂರು ಸಲ ತೊದಲಿದಳು. ಮೇಷ್ಟ್ರು "ಕೈಗವಸು ಎಲ್ಲಿತ್ತು?" ಅಂತ ಕೇಳಿದರು. "ಜೇಬಲ್ಲಿ," ಅಂದಳು. ಅವರು ತಲೆಯಾಡಿಸಿ, "ಪೊಟ್ಟಣ ಬದಲಾಯಿಸಿ ಅಂದೋನು ನಾನು," ಅಂದರು, ತಮಗೇ ಹೇಳಿಕೊಳ್ಳುವ ಹಾಗೆ. ಆಮೇಲೆ, "ಜೀನು ಮಾಡಿರಲೂಬಹುದು. ಮಾಡದೇ ಇರಲೂಬಹುದು. ಈಗ ಇದನ್ನ ಇಟ್ಕೊಂಡು ಏನೂ ಹೇಳೋ ಹಾಗಿಲ್ಲ. ಮುಂದಿನ ಹೂವಿಗೇ ಕಾಯ್ಬೇಕು," ಅಂದರು. ಪರೀಕ್ಷಕರಿಗೆ ತಾವೇ ಹೇಳುವುದಾಗಿ ಹೇಳಿ ಮೇಜಿನ ಮೇಲಿದ್ದ ತಮ್ಮ ಫೋನಿನ ಕಡೆ ಕೈ ಚಾಚಿದರು.

ಅಲ್ಲೂ ಯಾರೂ ಬೈಯಲಿಲ್ಲ.

ಹೊರಗೆ ಬಂದ ಮೇಲೆ ಅಕ್ಕ ಪಡಸಾಲೆಯ ಕಿಟಕಿಯ ಹತ್ತಿರ ನಿಂತು ಪಿಂಗ್ಡಾಂಗ್‌ಗೆ ಫೋನ್ ಮಾಡಿದಳು. ವೆನ್‌ಯಾ ಬೂಟು ಹಿಡಿದುಕೊಂಡು ಸ್ವಲ್ಪ ದೂರದಲ್ಲಿ ನಿಂತಳು. ಹೋಗು ಅಂತ ಅಕ್ಕ ಹೇಳಲಿಲ್ಲ, ಇರು ಅಂತಲೂ ಹೇಳಲಿಲ್ಲ.

"ನಮಸ್ಕಾರ ಸರ್, ಯೂಹ್ವೇ ಮಾತಾಡ್ತಿರೋದು. ಹೌದು ಸರ್, ಪರೀಕ್ಷೆ ವಿಷಯಾನೇ. ಮುಂದಕ್ಕೆ ಹೋಯ್ತು. ಇಲ್ಲ, ಒಂದು ವಾರ ಅಲ್ಲ ಸರ್. ಮುಂದಿನ ಹೂ ಬಿಡೋ ತನಕ." ಆ ಕಡೆಯವರು ಏನೋ ದೀರ್ಘವಾಗಿ ಹೇಳಿದರು. ಅಕ್ಕ "ಗೊತ್ತು ಸರ್, ಗೊತ್ತು ಸರ್" ಅನ್ನುತ್ತಾ ಕಿಟಕಿಯ ಚೌಕಟ್ಟಿನ ಧೂಳನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಸ್ಯಾಂಪಲ್ ತಯಾರು ಮಾಡೋವಾಗ ತಪ್ಪಾಗಿದೆ ಸರ್. ಯಾರದ್ದು ಅಂದ್ರೆ..."

ಹೇಳಿ ಅಕ್ಕ, ನನ್ನ ಹೆಸರು ಹೇಳಿ ಅಂತ ವೆನ್‌ಯಾ ಮನಸ್ಸಿನಲ್ಲೇ ಅಂಗಲಾಚಿದಳು. ಅಪ್ಪನ ಹೆಸರನ್ನೂ, ಊರಿನ ಹೆಸರನ್ನೂ ಬೇಕಾದರೆ ಸೇರಿಸಿ ಹೇಳಿ.

"ನನ್ನದು ಸರ್," ಅಂದಳು ಯೂಹ್ವೇ ಅಕ್ಕ. "ಇಲ್ಲ, ಪರವಾಗಿಲ್ಲ. ಬೇರೆಯವರನ್ನ ತಗೊಳ್ಳಿ. ಅವರೂ ಪಾಪ ಕಾಯ್ತಿರ್ತಾರೆ."

ಫೋನಿಟ್ಟು ತಿರುಗಿದವಳು ಬೂಟಿಗಾಗಿ ಕೈ ಚಾಚಿದಳು. ವೆನ್‌ಯಾ ಕೊಟ್ಟಳು. ಅಕ್ಕ ಅವನ್ನು ಹಾಕಿಕೊಳ್ಳಲಿಲ್ಲ, ಕಂಕುಳಲ್ಲಿ ಇರುಕಿಕೊಂಡಳು. "ನಾಳೆ ಬೆಳಿಗ್ಗೆ ಬೇಗ ಬಾ. ಗಿಡಗಳ ಕುಂಡ ಬದಲಾಯಿಸ್ಬೇಕು," ಅಂತಷ್ಟೇ ಹೇಳಿ ಬರಿಗಾಲಲ್ಲೇ ಮೆಟ್ಟಿಲಿಳಿದು ಹೋದಳು. ತಪ್ಪು ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಅಂತ ವೆನ್‌ಯಾ ಅಷ್ಟು ದಿನ ಅಂದುಕೊಂಡಿದ್ದಳು. ಆ ಹೆಜ್ಜೆಗಳ ಸದ್ದು ಪೂರ್ತಿ ಕೇಳದಾಗುವವರೆಗೂ ಅವಳು ನಿಂತಲ್ಲೇ ನಿಂತಿದ್ದಳು, ಆಮೇಲೂ ನಿಂತಿದ್ದಳು.